ಗುಂಡಿಯೊಳಗಿನ ಮೊಸಳೆ

ಚಲನೆಯ ಕಲೆ ಎಂದೊಡನೆ ಮೋಟಾರು, ತಿರುಗುವ ತಗಡು, ತೂಗಾಡುವ ತಂತಿಗಳು ನೆನಪಾಗುತ್ತವೆ. ಬಾದಲ್ ನಂಜುಂಡಸ್ವಾಮಿ ಅವರ ಬೀದಿಯ ಪ್ರತಿಷ್ಠಾಪನೆಗಳಲ್ಲಿ ಇವು ಯಾವುವೂ ಇಲ್ಲ. ಮೈಸೂರಿನ ‘ಕಾವಾ’ದಲ್ಲಿ ಕಲಿತ ಈ ಕಲಾವಿದರು 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯ ಗುಂಡಿಯೊಂದರಲ್ಲಿ ಸುಮಾರು 20 ಕಿಲೋ ತೂಕದ ಮೊಸಳೆಯೊಂದನ್ನು ತಂದಿಟ್ಟರು. ಖರ್ಚು 6,000 ರೂಪಾಯಿ. ಮೊಸಳೆ ಕದಲುವಂಥದ್ದಲ್ಲ. ಕೃತಿಯಲ್ಲಿ ಚಲಿಸುವವರು ದಾರಿಹೋಕರು.

ಗುಂಡಿ ಬಿದ್ದಲ್ಲೆಲ್ಲ ಜನರ ನಡಿಗೆ ಬದಲಾಗುತ್ತದೆ. ಸ್ಕೂಟರು ವಾಲುತ್ತದೆ, ಆಟೋ ಅಂಗಡಿ ಮೆಟ್ಟಿಲಿಗೆ ತಾಗುವಂತೆ ನುಸುಳುತ್ತದೆ, ತಾಯಿ ಮಗುವನ್ನು ಇನ್ನೊಂದು ಕೈಗೆ ಬದಲಿಸಿಕೊಳ್ಳುತ್ತಾಳೆ. ನಾಲ್ಕು ದಿನ ಕಳೆದರೆ ಕಾಲು ತಾನಾಗಿಯೇ ಸುತ್ತಿಕೊಂಡು ಹೋಗುತ್ತದೆ; ಸಿಟ್ಟೂ ಆರಿಹೋಗುತ್ತದೆ. ಬಾದಲ್ ಅವರ ಮೊಸಳೆ ಕೈ ಹಾಕಿದ್ದು ಈ ಅಭ್ಯಾಸಕ್ಕೆ.

ಇಡುವ ವಸ್ತುವಿನಿಂದ ನಡೆಯನ್ನು ರೂಪಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹಾರನಹಳ್ಳಿಯಲ್ಲಿ 13ನೆಯ ಶತಮಾನದ ಚೆನ್ನಕೇಶವ ಗುಡಿಯ ಜಗತಿಯ ಮೇಲೆ ಸುತ್ತು ಬಂದವರಿಗೆ ಇದು ಗೊತ್ತು. ಗೋಡೆ ಮಡಿಚಿದಲ್ಲೆಲ್ಲ ಮೈಯನ್ನೂ ತಿರುಗಿಸಬೇಕು, ಆಗ ಮತ್ತೊಂದು ಶಿಲ್ಪ ಎದುರಾಗುತ್ತದೆ. ಬೇಲೂರಿನ ತೇರಿನ ದಿನ ಗಾಲಿಗೆ ಅಡ್ಡ ಕೊಡುವ ಮರದ ತುಂಡು ಇಡೀ ಜನಸಾಗರವನ್ನು ತಡೆಯುತ್ತದೆ. ಆದರೆ ಅಲ್ಲಿ ಇಟ್ಟವರು ಯಾರೆಂದು ಎಲ್ಲರಿಗೂ ಗೊತ್ತು. ರಸ್ತೆಗುಂಡಿಯನ್ನು ಮಳೆಯಂತೆ ಬಂದದ್ದೆಂದು ಒಪ್ಪಿಬಿಡುತ್ತೇವೆ. ಮೊಸಳೆ ಕಂಡವನು ಮಾತ್ರ ‘ಇದನ್ನು ಯಾರು ಇಟ್ಟರು?’ ಎಂದು ಕೇಳಲೇಬೇಕು. ಹಾಗೆ ಕೇಳಿದಾಗ ಗುಂಡಿಯ ಲೆಕ್ಕವೂ ಹೊರಬೀಳುತ್ತದೆ. ಸುದ್ದಿಯಾದ ಬೆನ್ನಲ್ಲೇ ಪಾಲಿಕೆಯವರು ಅದನ್ನು ಮುಚ್ಚಲು ಬಂದರು.

2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯಲಿದ್ದ ವಾರದಲ್ಲಿ, ಹೇರೋಹಳ್ಳಿ ಬಳಿಯ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರು ಗಗನಯಾತ್ರಿಯ ಉಡುಪಿನಲ್ಲಿ ನಿಧಾನವಾಗಿ ಹೆಜ್ಜೆ ಹಾಕಿದರು. ಆ ವಿಡಿಯೋವನ್ನು ದೇಶವೇ ನೋಡಿತು. ಪಕ್ಕದಲ್ಲಿ ಆಟೋ ಹಾದುಹೋಗಿ ಚಂದ್ರಲೋಕ ಒಡೆದು ರಸ್ತೆಯಾಗುವ ಕ್ಷಣ ಸೊಗಸಾಗಿದೆ. ಆದರೂ ನನಗೆ ಮೊಸಳೆಯೇ ಹೆಚ್ಚಿನದು. ಚಂದ್ರನಡಿಗೆಯಲ್ಲಿ ನಡಿಗೆ ಒಬ್ಬ ನಟನದು, ನೋಟ ಕ್ಯಾಮೆರಾದ್ದು. ಆ ರಸ್ತೆಯವರೇ ಅದನ್ನು ಮೊಬೈಲಿನಲ್ಲಿ ನೋಡಬೇಕಾಯಿತು. ಮೊಸಳೆಯ ಮುಂದೆ ಸವಾರ ಬ್ರೇಕ್ ಹಾಕುತ್ತಾನೆ.

ಎರಡೂ ಕಡೆ ರಿಪೇರಿ ನಡೆಯಿತೆಂಬುದು ಸಣ್ಣ ಮಾತಲ್ಲ. ಆದರೆ ಅದು ಆದದ್ದು ಸುದ್ದಿ ಹಬ್ಬಿದ ಮೇಲೆ. ಕ್ಯಾಮೆರಾ ಬಾರದ ತಾಲ್ಲೂಕು ರಸ್ತೆಗಳ ಗುಂಡಿಗೆ ನಮ್ಮ ಕಡೆಯ ಜನ ಒಂದು ಹಸಿ ಟೊಂಗೆ ನೆಟ್ಟು, ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಕಲೆಯ ಬಗ್ಗೆ ಬರೆಯುವವರು ಅದನ್ನೂ ಒಮ್ಮೆ ನಿಂತು ನೋಡಬೇಕು. ಎಲೆ ಒಣಗುವವರೆಗೂ ಬೈಕಿನ ದೀಪ ಅದರ ಮೇಲೆ ಬೀಳುತ್ತದೆ, ಸವಾರ ಪಕ್ಕಕ್ಕೆ ಹೊರಳುತ್ತಾನೆ.