ನಿಂತವನ ಚಡ್ಡಿಗೆ ಕೂತವನ ವ್ಯಾಖ್ಯಾನ

ಬಟ್ಟೆ ಅಂಗಡಿಯಲ್ಲಿ ಒಳಚಡ್ಡಿಯ ಪೆಟ್ಟಿಗೆಯನ್ನು ಓದಿ ಕೊಳ್ಳುವ ಗಂಡಸರು ಅಪರೂಪ. ಅಳತೆ ಹೇಳಿ, ದುಡ್ಡು ಕೊಟ್ಟು, ಆದಷ್ಟು ಬೇಗ ಕೈಚೀಲದೊಳಗೆ ತಳ್ಳಿಬಿಡುವ ಸರಕು ಅದು. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಬಂದ ನಮ್ಮಂಥವರಿಗೆ ಆ ಅವಸರ ಆಗಿಬರುವುದಿಲ್ಲ. ಪೆಟ್ಟಾದ ಜಾಗದಿಂದ ಕೆಳಗಿನ ಮೈಗೆ ಚುಚ್ಚಿದ್ದು, ಬಿಗಿದದ್ದು, ಒದ್ದೆಯಾದದ್ದು ಗೊತ್ತಾಗುವುದಿಲ್ಲ. ಕೆಲವರಿಗೆ ಅರೆಬರೆ ಗೊತ್ತಾಗುತ್ತದೆ. ಆ ಮೈಯ ಪರವಾಗಿ ಕಣ್ಣು, ಕೈ ಮೊದಲೇ ವಿಚಾರಿಸಿಕೊಳ್ಳಬೇಕು. ಹೆಚ್ಚುಕಡಿಮೆ ಎಲ್ಲ ಪೆಟ್ಟಿಗೆಗಳ ಮೇಲೂ ಇರುವಂಥ ಸಾಲುಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ. ಚಿತ್ರದಲ್ಲಿರುವ ಗಂಡಸು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾನೆ ಎಂಬುದನ್ನು ಓದುವಾಗ ಮರೆಯಬಾರದು. ಅವನು ಕೂತದ್ದನ್ನು ನಾನಿನ್ನೂ ಕಂಡಿಲ್ಲ.

‘ಸೈಜ್: 85 ಸೆಂ.ಮೀ.’

ನಿಂತವನ ಸೊಂಟದ ಸುತ್ತಳತೆ ಇದು. ಹೊಟ್ಟೆಯ ಸ್ನಾಯುಗಳಿಗೆ ಬಲವಿಲ್ಲದವನು ಕೂತಾಗ ಹೊಟ್ಟೆ ಮುಂದಕ್ಕೆ ಜೋತುಬೀಳುತ್ತದೆ, ಸೊಂಟದ ಪಟ್ಟಿ ಅದರಡಿ ಸುರುಳಿ ಸುತ್ತಿಕೊಳ್ಳುತ್ತದೆ. ತೊಡೆಯೂ ಕುರ್ಚಿಯ ಮೇಲೆ ಅಗಲವಾಗಿ ಹರಡುತ್ತದೆ. ಹಾಗಾಗಿ ಸೊಂಟಕ್ಕೂ ತೊಡೆಗೂ ಟೇಪು ಹಿಡಿಯಬೇಕಾದ್ದು ಕೂತಾಗ. ಸಾಮಾನ್ಯವಾಗಿ ಒಂದು ಸೈಜ್ ಮೇಲಿನದು ಬೇಕಾಗುತ್ತದೆ. ಸಡಿಲವಾದಷ್ಟೂ ಸುಖ ಎಂದುಕೊಂಡು ಎರಡು ಮೂರು ಸೈಜ್ ಮೇಲಕ್ಕೆ ಹೋದರೆ ಮಿಕ್ಕ ಬಟ್ಟೆಯೆಲ್ಲ ಕುಂಡಿಯಡಿ ಮುದುರಿ ಕೂರುತ್ತದೆ. ಅದರ ಕತೆ ಮುಂದಿದೆ.

‘100% ಕೋಂಬ್ಡ್ ಕಾಟನ್’

ಗಿಡ್ಡ ಎಳೆಗಳನ್ನು ಬಾಚಿ ತೆಗೆದ ಹತ್ತಿ; ಮೈಗೆ ನಯ, ಬೇಸಿಗೆಗೆ ಹಿತ. ಪೆಟ್ಟು ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಆಗಿದ್ದರೆ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ, ಸೆಕೆಯನ್ನು ಹೊರಹಾಕುವುದೂ ಇಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಅಂಥವರಿಗೆ ದಪ್ಪ ಪಾಲಿಯೆಸ್ಟರ್ ಶಿಕ್ಷೆಯೇ ಸರಿ. ಆದರೆ ಹತ್ತಿ ನೀರು ಹೀರಿದರೆ ಬಿಟ್ಟುಕೊಡುವುದು ನಿಧಾನ. ಮೂತ್ರ ಆಗಾಗ ಸೋರುವವರಿಗೆ ಆ ತೇವ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ನೆನೆದ ಚರ್ಮ ಸಣ್ಣ ಉಜ್ಜಾಟಕ್ಕೂ ಕಿತ್ತುಬರುತ್ತದೆ. ಅವರಿಗೆ ಬೇಗ ಒಣಗುವ ತೆಳು ಬಟ್ಟೆಯೇ ಮೇಲು. ಸೋರುವಿಕೆ ಹತೋಟಿಯಲ್ಲಿದ್ದರೆ, ಎಳೆದರೆ ಹಿಗ್ಗುವಂತೆ ಒಂದಿಷ್ಟು ಇಲಾಸ್ಟೇನ್ ಬೆರೆತ ಹತ್ತಿಗೆ ನನ್ನ ಮತ.

ಬಣ್ಣದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು, ನೀಲಿಯಲ್ಲಿ ಕೊಳೆ ಕಾಣಿಸುವುದಿಲ್ಲವೆಂದು ಮನೆಯವರು ಅದನ್ನೇ ತರುತ್ತಾರೆ. ನಮಗೆ ಕಾಣಿಸಬೇಕು. ನೋವು ಗೊತ್ತಾಗದವನಿಗೆ ಗಾಯದ ಮೊದಲ ಸುದ್ದಿ ಎಷ್ಟೋ ಸಲ ತಿಳಿಬಣ್ಣದ ಬಟ್ಟೆಯ ಮೇಲಿನ ರಕ್ತದ ಚುಕ್ಕೆಯಿಂದಲೇ ಬರುತ್ತದೆ.

‘ಫ್ಲ್ಯಾಟ್ ಸೀಮ್, ನೋ ಲೇಬಲ್’

ಪೆಟ್ಟಿಗೆಯಲ್ಲಿ ಅತಿ ಸಣ್ಣ ಅಕ್ಷರದಲ್ಲಿರುವ ಈ ಸಾಲೇ ನನಗೆ ಎಲ್ಲಕ್ಕಿಂತ ದೊಡ್ಡದು. ಕೂತವನ ಭಾರ ಹೆಚ್ಚಾಗಿ ಬೀಳುವುದು ಕುಂಡಿಯ ಅಡಿಯ ಎರಡು ಎಲುಬುಗಳ ಮೇಲೆ. ಜಾರಿ ಕೂತರೆ ಬಾಲದ ಎಲುಬಿನ ಮೇಲೆ. ಎಲುಬು ಮತ್ತು ಕುಶನ್ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದು ಮೊದಲೇ ಕಷ್ಟ. ಅಲ್ಲೊಂದು ಉಬ್ಬಿದ ಹೊಲಿಗೆ ಬಂದರೆ ಒತ್ತಡವೆಲ್ಲ ಆ ಗೆರೆಯ ಮೇಲೆ ನಿಲ್ಲುತ್ತದೆ. ಸ್ಪರ್ಶ ಇರುವವರು ಗೊತ್ತಿಲ್ಲದಂತೆಯೇ ಮಗ್ಗುಲು ಬದಲಿಸುತ್ತಾರೆ, ನಮ್ಮಲ್ಲಿ ಆ ಸೂಚನೆ ಬರುವುದೇ ಇಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ಘಟಕ ತೆರೆದ ಲುಡ್ವಿಗ್ ಗುಟ್‌ಮನ್ ರೋಗಿಗಳನ್ನು ಹಗಲೂ ರಾತ್ರಿ ಎರಡೆರಡು ಗಂಟೆಗೊಮ್ಮೆ ಹೊರಳಿಸಲೇಬೇಕೆಂದು ಹಟ ಹಿಡಿದದ್ದು ಇಂಥ ಒತ್ತಡದಿಂದ ಆಗುವ ಹುಣ್ಣಿನ ವಿರುದ್ಧವೇ. ಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮೈಯೆತ್ತಿ ಅಥವಾ ವಾಲಿ ಭಾರ ಬದಲಿಸಬೇಕು ಎಂದು ಇವತ್ತಿಗೂ ಹೇಳುತ್ತಾರೆ. ಅಷ್ಟೆಲ್ಲ ಮಾಡಿ, ಎಲುಬಿನಡಿ ದಪ್ಪ ಹೊಲಿಗೆಯೊಂದನ್ನು ಇಟ್ಟುಕೊಂಡು ಕೂರುವುದರಲ್ಲಿ ಏನರ್ಥ?

ಪೆಟ್ಟಿಗೆಯ ಮಾತನ್ನು ನಂಬದೆ ಚಡ್ಡಿಯನ್ನು ಒಳಹೊರಗು ಮಾಡಿ ನೋಡಿ. ಹಿಂಭಾಗದ ನಟ್ಟನಡುವೆ ಹೊಲಿಗೆ ಇದೆಯೇ? ತೊಡೆಯ ಅಂಚು ಕೂತಾಗ ಎಲುಬಿನಡಿ ಬರುತ್ತದೆಯೇ? ಲೇಬಲ್ ಕತ್ತರಿಸಿದರೆ ಗಡುಸಾದ ಮೊಂಡು ಉಳಿಯುತ್ತದೆಯೇ? ಹೊಲಿಗೆಯನ್ನು ಮುಂಗೈಯ ಒಳಭಾಗಕ್ಕೆ ಒತ್ತಿ ಹಿಡಿದು ಬಿಟ್ಟರೆ ಗೆರೆ ಎಷ್ಟು ಆಳ ಮೂಡಿತೆಂದು ಕಾಣುತ್ತದೆ. ಅಜ್ಜಂದಿರ ಪಟ್ಟಾಪಟ್ಟಿ ಚಡ್ಡಿಗೆ ಗಾಳಿಯಾಟವೇನೋ ಚೆನ್ನಾಗಿದೆ. ಆದರೆ ಅದು ಮುದುರುತ್ತದೆ, ಲಾಡಿಯ ಗಂಟು ಹೊಟ್ಟೆಗೆ ಒತ್ತುತ್ತದೆ. ಲಂಗೋಟಿಯಂತೂ ಬೇಡವೇ ಬೇಡ: ಹಿಂದಿನ ಪಟ್ಟಿ ಸುತ್ತಿಕೊಂಡು ಸರಿಯಾಗಿ ಬಾಲದ ಎಲುಬಿಗೇ ಒತ್ತುತ್ತದೆ.

‘ಅಲ್ಟ್ರಾ ಸಾಫ್ಟ್ ಇಲಾಸ್ಟಿಕ್’

ಹೊಸದರಲ್ಲಿ ಎಲ್ಲವೂ ಸಾಫ್ಟೇ. ಕಿರಿದಾದ ಪಟ್ಟಿಗಿಂತ ಅಗಲವಾದದ್ದು ವಾಸಿ, ಬಟ್ಟೆಯೊಳಗೆ ಮುಚ್ಚಿದ್ದು ಇನ್ನೂ ವಾಸಿ. ಹೊಕ್ಕುಳ ಕೆಳಗೆ ರಂಧ್ರ ಮಾಡಿ ಕ್ಯಾಥೆಟರ್ ಹಾಕಿಸಿಕೊಂಡವರು ಪಟ್ಟಿ ಆ ರಂಧ್ರದ ಮೇಲೆ ಬರದಂತೆ ನೋಡಿಕೊಳ್ಳಬೇಕು.

ಬಿಗಿಯ ಮಾತು ಬರೀ ಹಿತದ್ದಲ್ಲ. ಎದೆಭಾಗದ 6ನೇ ಕಶೇರು ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಕೆಳಗಿನ ಮೈಗೆ ಆದ ಕಿರಿಕಿರಿ ರಕ್ತದೊತ್ತಡವನ್ನು ಒಮ್ಮೆಲೇ ಏರಿಸಬಲ್ಲದು. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ತುಂಬಿದ ಮೂತ್ರಕೋಶ, ಕಟ್ಟಿದ ಮಲ ಇದಕ್ಕೆ ಮುಖ್ಯ ಕಾರಣಗಳು. ಬಿಗಿಯಾದ ಬಟ್ಟೆಯೂ, ಅಡಿಗೆ ಸಿಕ್ಕಿಕೊಂಡ ವೃಷಣವೂ ಸಾಕು. ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ. ಆಗ ಮಲಗಿಸಬಾರದು, ನೆಟ್ಟಗೆ ಕೂರಿಸಿ, ಸೊಂಟದ ಪಟ್ಟಿ, ಯೂರಿನ್ ಬ್ಯಾಗಿನ ಪಟ್ಟಿ ಎಲ್ಲ ಸಡಿಲಿಸಿ, ಟ್ಯೂಬು ಮಡಚಿದೆಯೇ ನೋಡಬೇಕು. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ. ಚಡ್ಡಿಯ ವಿಷಯ ಎಂದು ನಗುವ ನೆಂಟರಿಗೆ ಇದನ್ನೊಂದು ಸಲ ವಿವರಿಸಿಟ್ಟರೆ ಒಳ್ಳೆಯದು.

‘ಕಾಂಟೂರ್ ಪೌಚ್, ಫ್ರಂಟ್ ಓಪನ್’

ಪೌಚನ್ನು ಕಂಪನಿಯವರು ಮಾರುವುದು ಅಂದಕ್ಕೆ. ನಮಗೆ ಅದು ವೃಷಣಗಳನ್ನು ಮುಂದಕ್ಕೆ ಎತ್ತಿ ಹಿಡಿದು, ಅವುಗಳ ಮೇಲೇ ಕೂರದಂತೆ ಕಾಯುತ್ತದೆ. ಹಾಸಿಗೆಯಿಂದ ಕುರ್ಚಿಗೆ ಬಂದ ಮೇಲೆ ಒಮ್ಮೆ ಕೈಹಾಕಿ ನೋಡಿಕೊಳ್ಳುವುದು ಮಾತ್ರ ತಪ್ಪದು.

ಮುಂದಿನ ತೆರಪಿನ ವಿಷಯ. ಹೊತ್ತುಹೊತ್ತಿಗೆ ನಾವೇ ಕ್ಯಾಥೆಟರ್ ಹಾಕಿ ಮೂತ್ರ ತೆಗೆದುಕೊಳ್ಳುವ ಪದ್ಧತಿಯನ್ನು 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಮುಂದಿಟ್ಟರು. 4ರಿಂದ 6 ಗಂಟೆಗೊಮ್ಮೆ ಹಾಗೆ ಮಾಡುವವನಿಗೆ ಎರಡು ಪದರಗಳ ಇಕ್ಕಟ್ಟಾದ ತೆರಪು ತಲೆನೋವು. ಪಟ್ಟಿಯನ್ನು ಕೆಳಕ್ಕೆ ಎಳೆದು ಸಿಕ್ಕಿಸಿಕೊಳ್ಳಲು ಬರುವಂತಿದ್ದರೆ ತೆರಪೇ ಬೇಕಿಲ್ಲ. ಕಾಂಡೋಮ್ ಕ್ಯಾಥೆಟರ್ ಹಾಕುವವರ ಟ್ಯೂಬು ತೊಡೆಯ ಕಡೆಯಿಂದ ಇಳಿಯಬೇಕು. ಬ್ರೀಫ್‌ನ ಇಲಾಸ್ಟಿಕ್ ತೊಡೆಸಂದಿನಲ್ಲೇ ಅದನ್ನು ಹಿಸುಕುತ್ತದೆ. ಅರ್ಧ ತೊಡೆಯವರೆಗೆ ಬರುವ ಟ್ರಂಕ್‌ಗೆ ಅಂಚಿನಲ್ಲಿ ಬಿಗಿ ಇಲ್ಲದಿದ್ದರೆ ಟ್ಯೂಬು ಮಡಚದೆ ಇಳಿಯುತ್ತದೆ. ಬ್ರೀಫೋ ಟ್ರಂಕೋ ಬಾಕ್ಸರೋ ಎಂಬ ಪ್ರಶ್ನೆಗೆ ಬಹುಮಂದಿಗೆ ಉತ್ತರ ಇಲ್ಲೇ ಸಿಗುತ್ತದೆ. ಏನನ್ನೂ ಹಾಕದೆ ಮೆತ್ತನೆಯ ಪ್ಯಾಂಟನ್ನೋ ಲುಂಗಿಯನ್ನೋ ಮಾತ್ರ ಉಡುವವರೂ ಇದ್ದಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

‘ಈಸಿ ವೇರ್’

ಮಲಗಿ, ಆಚೆ ಈಚೆ ಹೊರಳುತ್ತ ಚಡ್ಡಿ ಏರಿಸಿಕೊಂಡವನನ್ನು ಕೇಳಿ ಬರೆದ ಸಾಲಲ್ಲ ಇದು. ಬೆರಳಿನ ಹಿಡಿತ ಇಲ್ಲದವರು ಪಟ್ಟಿಯ ಎರಡೂ ಪಕ್ಕಕ್ಕೆ, ಹೆಬ್ಬೆರಳು ತೂರುವಷ್ಟು ಮೆತ್ತನೆಯ ಬಟ್ಟೆಯ ಕುಣಿಕೆಗಳನ್ನು ಟೈಲರ್ ಹತ್ತಿರ ಹೊಲಿಸಿಕೊಳ್ಳಬಹುದು. ಪಕ್ಕ ಬಿಚ್ಚಿ ವೆಲ್‌ಕ್ರೋ ಹಾಕಿಸುವುದಾದರೆ ಅದರ ಒರಟು ಮುಖ ಚರ್ಮದ ಕಡೆಗೆ ಇರಬಾರದು.

‘ಮಾರಿದ ಮಾಲು ವಾಪಸ್ಸಿಲ್ಲ’

ಮೂರರ ಪ್ಯಾಕ್ ಅಗ್ಗವೆಂದು ಕೊಳ್ಳಬೇಡಿ, ಮೊದಲು ಒಂದೇ ತನ್ನಿ. ಒಗೆದು, ಸೋಪು ಉಳಿಯದಂತೆ ಜಾಲಿಸಿ, ಮನೆಯಲ್ಲೇ ಒಂದು ಗಂಟೆ ಹಾಕಿಕೊಂಡು ಕೂತು ನೋಡಿ. ಆಮೇಲೆ ಹಾಸಿಗೆಗೆ ಬಂದು ಬಿಚ್ಚಿ, ಕನ್ನಡಿ ಹಿಡಿದು ಕುಂಡಿ, ತೊಡೆಸಂದು, ಸೊಂಟ ಪರೀಕ್ಷಿಸಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣದು, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅರ್ಧ ಗಂಟೆಯಾದರೂ ಗುರುತು ಮಾಸದಿದ್ದರೆ ಆ ಚಡ್ಡಿ ನೆಲ ಒರೆಸಲು. ಮಾಸಿದರೆ ಮರುದಿನ ಎರಡು ಗಂಟೆ.