ಕುರಿಮರಿಯ ಸಂಕೇತ: ಬ್ಲೇಕ್ ಕವಿಯ ಗೀತಗಳಲ್ಲಿ ಮುಗ್ಧತೆಯೂ ಧರ್ಮವೂ

ಮಗುವಿಗೆ ಕಾವ್ಯದಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟ ಕೀರ್ತಿಯು ಆಂಗ್ಲ ಸಾಹಿತ್ಯದಲ್ಲಿ ರೊಮ್ಯಾಂಟಿಕ್ ಕವಿಗಳಿಗೆ ಸಲ್ಲತಕ್ಕುದು. ಅವರಿಗಿಂತ ಮೊದಲು ಮಕ್ಕಳಿಗಾಗಿ ಪದ್ಯಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. 1715ರಲ್ಲಿ ಐಸಾಕ್ ವಾಟ್ಸ್ ಎಂಬ ಧರ್ಮೋಪದೇಶಕನು ಮಕ್ಕಳ ಉಪಯೋಗಕ್ಕೆಂದು ಪ್ರಕಟಿಸಿದ ದೈವಗೀತಗಳು ಒಂದು ಶತಮಾನಕ್ಕೂ ಮೀರಿ ಇಂಗ್ಲೆಂಡಿನ ಮನೆಗಳಲ್ಲಿ ಕಂಠಪಾಠವಾಗಿ ನಡೆದುಬಂದವು. ಆದರೆ ಅಲ್ಲಿ ಹೇಳುವವನು ಹಿರಿಯ, ಕೇಳತಕ್ಕವನು ಕಿರಿಯ. ಮಗುವೆಂದರೆ ತಿದ್ದಿ ನೇರ್ಪಡಿಸಬೇಕಾದ ಒಂದು ವಸ್ತು. ಈ ಕ್ರಮವನ್ನು ತಲೆಕೆಳಗುಮಾಡಿ, ಮಗುವನ್ನೇ ಉಪದೇಶಕನ ಪೀಠದಲ್ಲಿ ಕುಳ್ಳಿರಿಸಿದವನು ವಿಲಿಯಂ ಬ್ಲೇಕ್.

ಬ್ಲೇಕನು 1757ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿ, ಲೋಹದ ತಗಡಿನ ಮೇಲೆ ಚಿತ್ರ ಕೊರೆಯುವ ಕಸಬನ್ನು ಕಲಿತು, ಅದರಿಂದಲೇ ಜೀವಿಸಿ, 1827ರಲ್ಲಿ ಬಡವನಾಗಿಯೇ ತೀರಿಕೊಂಡನು. ಬಾಲ್ಯದಲ್ಲಿ ಅವನು ಪೆಕ್ಹಮ್ ಬಯಲಿನ ಮರವೊಂದರ ಕೊಂಬೆಗಳಲ್ಲಿ ದೇವದೂತರನ್ನು ಕಂಡು ಮನೆಗೆ ಬಂದು ಹೇಳಲು, ಸುಳ್ಳಾಡಿದನೆಂದು ತಂದೆ ಹೊಡೆಯಹೋದನೆಂದೂ ತಾಯಿ ಅಡ್ಡಬಂದು ಬಿಡಿಸಿದಳೆಂದೂ ಅವನ ಚರಿತ್ರಕಾರನು ಬರೆದಿದ್ದಾನೆ. ಮಗುವು ಕಂಡ ಸತ್ಯ, ಹಿರಿಯನು ಎತ್ತಿದ ಬೆತ್ತ: ಬ್ಲೇಕನ ಕಾವ್ಯದ ವಸ್ತುವೆಲ್ಲವೂ ಈ ಒಂದು ಪ್ರಸಂಗದಲ್ಲಿ ಬೀಜರೂಪವಾಗಿ ಅಡಗಿದೆ. 1789ರಲ್ಲಿ ಅವನು 'ಮುಗ್ಧತೆಯ ಗೀತಗಳು' ಎಂಬ ಪುಸ್ತಕವನ್ನು ಪದ್ಯ ಚಿತ್ರಗಳೆರಡನ್ನೂ ತಾನೇ ತಗಡಿನಲ್ಲಿ ಮೂಡಿಸಿ, ಅಚ್ಚುಹಾಕಿ, ಕೈಯಿಂದ ಬಣ್ಣ ತುಂಬಿ ಹೊರತಂದನು. 1794ರಲ್ಲಿ ಅದಕ್ಕೆ 'ಅನುಭವದ ಗೀತಗಳನ್ನು' ಜೋಡಿಸಿ, ಇವೆರಡೂ ಮಾನವಾತ್ಮದ ಪರಸ್ಪರ ವಿರುದ್ಧವಾದ ಸ್ಥಿತಿಗಳೆಂದು ಮುಖಪುಟದಲ್ಲಿಯೇ ಸೂಚಿಸಿದನು.

ಮೊದಲನೆಯ ಪುಸ್ತಕದ ಹೃದಯದಂತಿರುವುದು 'ಕುರಿಮರಿ' ಎಂಬ ಗೀತ. ಒಂದು ಮಗುವು ಕುರಿಮರಿಯನ್ನು ಕುರಿತು, ನಿನ್ನನ್ನು ಸೃಷ್ಟಿಸಿದವರು ಯಾರೆಂದು ಕೇಳುತ್ತದೆ. ಎರಡನೆಯ ನುಡಿಯಲ್ಲಿ ಉತ್ತರವನ್ನು ತಾನೇ ಹೇಳುತ್ತದೆ. ಸೃಷ್ಟಿಸಿದವನು ಕುರಿಮರಿಯ ಹೆಸರನ್ನೇ ತಾಳಿದವನು. ಅವನು ಮಗುವಾಗಿಯೂ ಹುಟ್ಟಿಬಂದವನು. ಆದುದರಿಂದ ಮಗು, ಮರಿ, ದೇವರು ಮೂವರಿಗೂ ಹೆಸರು ಒಂದೇ. ಕನ್ನಡದ ವಾಚಕರಿಗೆ ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಆಡುಮಾತಿನಲ್ಲಿ ಕುರಿಯೆಂದರೆ ಮಂದಬುದ್ಧಿ. ಕ್ರೈಸ್ತ ಸಂಪ್ರದಾಯದಲ್ಲಿ ಹಾಗಲ್ಲ. ಯೆಹೂದ್ಯರ ಪಾಸ್ಕ ಹಬ್ಬದಲ್ಲಿ ಬಲಿಯಾಗುತ್ತಿದ್ದುದು ಕುರಿಮರಿ. ಯೋಹಾನನ ಸುವಾರ್ತೆಯಲ್ಲಿ ಏಸುವನ್ನು ದೇವರ ಕುರಿಮರಿಯೆಂದು ಕರೆದುದೂ ಆ ಬಲಿಯ ನೆನಪಿನಿಂದಲೇ. ಎಂದಮೇಲೆ ಈ ಸಂಕೇತಕ್ಕೆ ಎರಡು ಮುಖಗಳು: ಒಂದು ಸೌಮ್ಯತೆ, ಇನ್ನೊಂದು ಬಲಿ. ಗೀತದ ಮಗುವಿಗೆ ತಿಳಿದಿರುವುದು ಮೊದಲನೆಯದು ಮಾತ್ರ. ಓದುವ ಹಿರಿಯನಿಗೆ ಎರಡೂ ತಿಳಿದಿವೆ. ಮಗುವಿಗೆ ತಿಳಿಯದಿರುವುದನ್ನು ತಿಳಿದು ಓದಬೇಕಾದ ಈ ಸಂಕಟವೇ ಈ ಗೀತಗಳ ನಿಜವಾದ ರಸ.

ಇದೇ ಕಾಲದ ಮತ್ತೊಬ್ಬ ಮಹಾಕವಿಯಾದ ವರ್ಡ್ಸ್‌ವರ್ತನಲ್ಲಿಯೂ ಶಿಶುವು ದೈವಾಂಶದಿಂದ ಕೂಡಿದುದೇ. ಅಮರತ್ವವನ್ನು ಕುರಿತ ಅವನ ಪ್ರಗಾಥವು 1807ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಗುವು ದೇವರ ಸನ್ನಿಧಿಯಿಂದ ಬೆಳಕನ್ನು ಹೊತ್ತು ಬರುತ್ತದೆ. ಬೆಳೆಬೆಳೆಯುತ್ತ ಅದು ಕುಂದುತ್ತದೆ. ಅಲ್ಲಿ ಮಗುವನ್ನು ದಾರ್ಶನಿಕನೆಂದು ಸಂಬೋಧಿಸಿರುವುದನ್ನು ಕೋಲ್‌ರಿಜನು 1817ರಲ್ಲಿ ಆಕ್ಷೇಪಿಸಿದನು; ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ವರ್ಡ್ಸ್‌ವರ್ತನ ಶಿಶುವು ಹಿರಿಯನ ನೆನಪಿನಲ್ಲಿರುವ ಶಿಶು. ಅದರ ಶತ್ರು ಕಾಲವೊಂದೇ. ಬ್ಲೇಕನ ಶಿಶುವಾದರೋ ಲಂಡನ್ನಿನ ಬೀದಿಯಲ್ಲಿದೆ. ಅದರ ಶತ್ರುಗಳಿಗೆ ಮುಖವುಂಟು, ಉದ್ಯೋಗವುಂಟು, ಕೆಲವೊಮ್ಮೆ ಪಾದ್ರಿಯ ನಿಲುವಂಗಿಯೂ ಉಂಟು.

'ಪವಿತ್ರ ಗುರುವಾರ' ಎಂಬ ಹೆಸರಿನ ಗೀತವು ಎರಡು ಪುಸ್ತಕಗಳಲ್ಲಿಯೂ ಇದೆ. ಧರ್ಮಶಾಲೆಗಳ ಸಾವಿರಾರು ಬಡಮಕ್ಕಳನ್ನು ವರ್ಷಕ್ಕೊಮ್ಮೆ ಸಂತ ಪಾಲನ ದೇವಾಲಯಕ್ಕೆ ಸಾಲಾಗಿ ಕರೆತಂದು ಹಾಡಿಸುತ್ತಿದ್ದರು. ಮುಗ್ಧತೆಯ ಗೀತದಲ್ಲಿ ಆ ಮಕ್ಕಳು ಕುರಿಮರಿಗಳ ಹಿಂಡು. ಅವರ ಹಾಡು ಬಿರುಗಾಳಿಯಂತೆ ಸ್ವರ್ಗಕ್ಕೇರುತ್ತದೆ. ಪೋಷಕರೆನಿಸಿಕೊಂಡ ವೃದ್ಧರು ಅವರಿಗಿಂತ ಕೆಳಗೆ ಕುಳಿತಿರುತ್ತಾರೆ. ಮಕ್ಕಳ ಮುಂದೆ ನಡೆದ ಅಧಿಕಾರಿಗಳ ಕೈಯಲ್ಲಿ ಬಿಳಿಯ ದಂಡಗಳಿದ್ದುದನ್ನು ಮಾತ್ರ ಕವಿ ಮರೆತಿಲ್ಲ. ಅನುಭವದ ಗೀತದಲ್ಲಿ ಕುರಿಮರಿಯಿಲ್ಲ, ಹಿಂಡಿಲ್ಲ. ಸಮೃದ್ಧವಾದ ನಾಡಿನಲ್ಲಿ ಹಸಿದ ಮಕ್ಕಳನ್ನು ನೋಡುವುದೂ ಒಂದು ಪವಿತ್ರ ದೃಶ್ಯವೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ದೃಶ್ಯವು ಬದಲಾಗಲಿಲ್ಲ; ನೋಡುವ ಕಣ್ಣು ಬದಲಾಯಿತು.

ಆದರೆ ಬ್ಲೇಕನ ಶಕ್ತಿಯೆಲ್ಲವೂ ಕೂಡಿಬಂದಿರುವುದು ಹೊಗೆಗೂಡು ಗುಡಿಸುವ ಹುಡುಗನನ್ನು ಕುರಿತ ಗೀತಗಳಲ್ಲಿ. ಆ ಕಾಲದಲ್ಲಿ ಕಿರಿದಾದ ಹೊಗೆಗೂಡುಗಳ ಒಳಕ್ಕೆ ಎಳೆಯ ಹುಡುಗರನ್ನು ಹತ್ತಿಸಿ ಮಸಿ ತೆಗೆಯಿಸುವುದು ರೂಢಿಯಾಗಿತ್ತು. ಎಂಟು ವರ್ಷಕ್ಕೆ ಕಡಿಮೆಯಾದವರನ್ನು ಈ ಕಸಬಿಗೆ ಸೇರಿಸಕೂಡದೆಂದು 1788ರಲ್ಲಿ ಶಾಸನವಾಯಿತಾದರೂ ಅದು ಕಾಗದದಲ್ಲಿಯೇ ಉಳಿಯಿತು. ಪದ್ಧತಿಯು ಕೊನೆಗೊಂಡುದು 1875ರ ಶಾಸನದಿಂದ. ಗೀತದ ಹುಡುಗನಿಗೆ ತಾಯಿಯಿಲ್ಲ; ತಂದೆಯು ಅವನನ್ನು ಮಾರಿದ್ದಾನೆ. ಕಸಬಿನ ಕೂಗಾದ 'ಸ್ವೀಪ್' ಎಂಬುದು ಸರಿಯಾಗಿ ನಾಲಗೆ ಹೊರಳದ ಆ ಬಾಯಲ್ಲಿ 'ವೀಪ್' ಎಂದಾಗುತ್ತದೆ. ಆ ಮಾತಿಗೆ 'ಅಳು' ಎಂದರ್ಥ. ಅವನು ಗುಡಿಸುವುದಾದರೂ ಯಾರ ಮನೆಯ ಹೊಗೆಗೂಡನ್ನು? ಓದುವವರ ಮನೆಯದನ್ನೇ ಎಂದು ಗೀತವು ನೇರವಾಗಿ ಹೇಳಿಬಿಡುತ್ತದೆ. ಅವನ ಜೊತೆಗಾರನಾದ ಟಾಮನ ತಲೆಗೂದಲು ಕುರಿಮರಿಯ ಬೆನ್ನಿನಂತೆ ಸುರುಳಿಸುರುಳಿಯಾಗಿದ್ದಿತು, ಅದನ್ನು ಬೋಳಿಸಿದರು. ಕುರಿಮರಿಯ ಸಂಕೇತದಲ್ಲಿ ಅಡಗಿದ್ದ ಬಲಿಯ ಮುಖವು ಇಲ್ಲಿ, ಒಂದು ಮಾತಿನ ವಿವರಣೆಯೂ ಇಲ್ಲದೆ, ತಟ್ಟನೆ ಹೊರಗೆ ಬರುತ್ತದೆ.

ಆ ರಾತ್ರಿ ಟಾಮನಿಗೆ ಕನಸು. ಕರಿಯ ಶವಪೆಟ್ಟಿಗೆಗಳಲ್ಲಿ ಬಿದ್ದಿರುವ ಸಾವಿರಾರು ಹುಡುಗರನ್ನು ದೇವದೂತನೊಬ್ಬನು ಬೀಗ ತೆರೆದು ಬಿಡಿಸುತ್ತಾನೆ. ಅವರು ಹೊಳೆಯಲ್ಲಿ ಮಿಂದು ಬಿಸಿಲಿನಲ್ಲಿ ನಲಿಯುತ್ತಾರೆ. ಒಳ್ಳೆಯ ಹುಡುಗನಾಗಿದ್ದರೆ ದೇವರೇ ನಿನಗೆ ತಂದೆಯಾಗುವನೆಂದು ದೂತನು ಹೇಳುತ್ತಾನೆ. ಬೆಳಗಾಗುವುದಕ್ಕೆ ಮುಂಚೆ ಎದ್ದು ಚಳಿಯಲ್ಲಿ ಕೆಲಸಕ್ಕೆ ಹೊರಟರೂ ಟಾಮನಿಗೆ ಬೆಚ್ಚಗಿರುತ್ತದೆ. ಕರ್ತವ್ಯವನ್ನು ಮಾಡುವವರಿಗೆ ಕೇಡಿಲ್ಲವೆಂಬ ನೀತಿಯೊಂದಿಗೆ ಗೀತವು ಮುಗಿಯುತ್ತದೆ.

ಈ ಮುಕ್ತಾಯವನ್ನು ಕುರಿತು ವಿಮರ್ಶಕರಲ್ಲಿ ಎರಡು ಪಕ್ಷಗಳುಂಟು. ಇದು ಸರಳವಾದ ಭಕ್ತಿಯೆಂದು ಒಂದು ಪಕ್ಷ. ಕಟುವಾದ ವ್ಯಂಗ್ಯವೆಂದು ಮತ್ತೊಂದು. ಎರಡೂ ಅರ್ಧಸತ್ಯಗಳೇ. ಭಕ್ತಿಯೆಂದು ಕೊಂಡರೆ, ಮಗುವನ್ನು ಮಾರಿದವನೂ ಕೊಂಡವನೂ ದೇವರ ಹೆಸರಿನಲ್ಲಿ ತಪ್ಪಿಸಿಕೊಳ್ಳುತ್ತಾರೆ. ಬರಿಯ ವ್ಯಂಗ್ಯವೆಂದು ಕೊಂಡರೆ, ಆ ಮಗುವಿಗೆ ಇದ್ದ ಒಂದೇ ಆಸ್ತಿಯಾದ ಕನಸನ್ನೂ ಕಿತ್ತುಕೊಂಡಂತಾಗುತ್ತದೆ. ಕನಸು ಮಗುವಿನದು, ಅದು ನಿಜ, ಅದರ ಬೆಚ್ಚಗೂ ನಿಜ. ಕೊನೆಯ ನೀತಿಯು ಮಾತ್ರ ಮಗುವಿನದಲ್ಲ. ವಾಟ್ಸನ ಸಂಪ್ರದಾಯದ ಹಿರಿಯರು ಅದರ ಬಾಯಿಗೆ ತುರುಕಿದ ಪಾಠ. ಆ ಮಾತಿನ ಹುಸಿಯನ್ನು ಹುಡುಗನು ಅರಿಯನು. ಓದುವವನು ಅರಿಯದೆ ಇರಲಾರನು. ಆಪಾದನೆಯು ಮಗುವಿನ ನಂಬಿಕೆಯ ಮೇಲಲ್ಲ, ಆ ನಂಬಿಕೆಯಿಂದ ಲಾಭ ಪಡೆಯುವವರ ಮೇಲೆ.

ಅನುಭವದ ಪುಸ್ತಕದಲ್ಲಿ ಇದೇ ಹೆಸರಿನ ಗೀತವು ಈ ಆಪಾದನೆಯನ್ನು ಬಾಯಿಬಿಟ್ಟು ಹೇಳುತ್ತದೆ. ಹಿಮದ ನಡುವೆ ಕರ್ರಗಾಗಿ ನಿಂತ ಮಗುವು, ತಂದೆತಾಯಿಗಳು ಪ್ರಾರ್ಥನೆಗೆ ಹೋಗಿದ್ದಾರೆಂದೂ, ದೇವರು ಪಾದ್ರಿ ಅರಸರು ಕೂಡಿ ತಮ್ಮ ದುಃಖದಿಂದಲೇ ಒಂದು ಸ್ವರ್ಗವನ್ನು ಕಟ್ಟಿಕೊಂಡಿದ್ದಾರೆಂದೂ ಹೇಳುತ್ತದೆ. ಮಾತು ಧೀರವಾದುದು, ಆದರೆ ಅದು ಮಗುವಿನದೆನ್ನುವುದಕ್ಕಿಂತ ಕವಿಯದೆನ್ನುವುದೇ ಸರಿ. ಕಾವ್ಯವಾಗಿ ಮೊದಲನೆಯ ಗೀತವೇ ಮೇಲು. ಎರಡನೆಯದು ಓದುವವನಿಗೆ ತೀರ್ಪನ್ನು ಕೊಡುತ್ತದೆ. ಮೊದಲನೆಯದು ಅವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. 1824ರಲ್ಲಿ ಜೇಮ್ಸ್ ಮಾಂಟ್ಗೊಮೆರಿಯು ಈ ಹುಡುಗರ ಪರವಾಗಿ ಒಂದು ಸಂಕಲನವನ್ನು ತಂದಾಗ ಚಾರ್ಲ್ಸ್ ಲ್ಯಾಂಬನು ಆರಿಸಿ ಕಳುಹಿಸಿದುದು ಮೊದಲನೆಯ ಗೀತವನ್ನೇ.

ಹಾಗಾದರೆ ಮುಗ್ಧತೆಯೆಂದರೆ ಅಜ್ಞಾನವೆ? ಬ್ಲೇಕನ ಉತ್ತರವು ಅಲ್ಲವೆಂದೇ. ಮೊದಲನೆಯ ಪುಸ್ತಕದ ಕೆಲವು ಗೀತಗಳನ್ನು ಅವನೇ ಮುಂದೆ ಎರಡನೆಯದಕ್ಕೆ ಬದಲಾಯಿಸಿದನು; ಅವೆರಡು ಸ್ಥಿತಿಗಳ ನಡುವೆ ಬೀಗ ಹಾಕಿದ ಬಾಗಿಲಿಲ್ಲ. 'ಹುಲಿ' ಎಂಬ ಪ್ರಸಿದ್ಧ ಗೀತವು, ಕುರಿಮರಿಯನ್ನು ಮಾಡಿದವನೇ ನಿನ್ನನ್ನೂ ಮಾಡಿದನೆ ಎಂದು ಹುಲಿಯನ್ನು ಕೇಳುತ್ತದೆ; ಈ ಸಲ ಉತ್ತರವನ್ನು ಹೇಳಲು ಮಗುವಿಲ್ಲ. ಧರ್ಮದ ಸಂಕೇತವೊಂದು ಮಗುವಿನ ಬಾಯಲ್ಲಿ ಸತ್ಯವಾಗಿರುವುದು, ಅಲ್ಲಿ ಅದಕ್ಕೆ ಬೇರೆ ಪ್ರಯೋಜನವಿಲ್ಲದುದರಿಂದ. ಅದೇ ಸಂಕೇತವನ್ನು ಹಿರಿಯನು ಮಗುವಿಗೆ ಕಲಿಸುವಾಗ, ಅದು ಮಗುವನ್ನು ಬೆಚ್ಚಗಿಡುವುದಕ್ಕೋ, ತನ್ನ ಮನೆಯ ಹೊಗೆಗೂಡನ್ನು ಚೊಕ್ಕಟವಾಗಿಡುವುದಕ್ಕೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತದೆ. ಮಕ್ಕಳಿಗೆ ಪ್ರಾರ್ಥನೆಯನ್ನು ಹೇಳಿಕೊಡುವ ಯಾವ ಮನೆಗಾದರೂ ಬ್ಲೇಕನು ಬಿಟ್ಟುಹೋಗಿರುವ ಪ್ರಶ್ನೆ ಇದು.