ಯಾರ್ಯಾರವ್ರೆ ಓದು

ಹೋದ ಭಾನುವಾರ ಟೀವಿಯಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಹಾಕಿದ್ದರು. ತೋಟದಿಂದ ಬಂದು ಕೈಕಾಲು ತೊಳೆದು ಕೂತರೆ, ಹೆಸರುಗಳೇ ಇಲ್ಲ. ಚಿತ್ರದ ಹೆಸರು ಮಿಂಚಿ ಮಾಯವಾಯಿತು, ಹಿಂದೆಯೇ ಒಂದು ಸೋಪಿನ ಜಾಹೀರಾತು ಬಂತು, ಆಮೇಲೆ ನೇರ ಕಥೆ. ನಟರ ಹೆಸರು, ಸಂಗೀತದವರ ಹೆಸರು, ಬಣ್ಣ ಹಚ್ಚಿದವರ ಹೆಸರು ಎಲ್ಲವನ್ನೂ ಕತ್ತರಿಸಿ ಎಸೆದಿದ್ದರು. ಆ ಸಂಕಟ ಇನ್ನೂ ಹೋಗಿಲ್ಲ.

ಯಾಕೆಂದರೆ ಈ ಚಿತ್ರವನ್ನು ನಾನು ಮೊದಲು ಓದಿದ್ದು, ಆಮೇಲೆ ನೋಡಿದ್ದು. ನಮ್ಮೂರು ತಿಪಟೂರು ತಾಲ್ಲೂಕಿನ ನೊಣವಿನಕೆರೆ ಕಡೆ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಟೆಂಟು ಎದ್ದೇಳುತ್ತಿತ್ತು. ಘಂಟಸಾಲ ಹಾಡಿದ ವೆಂಕಟೇಶನ ಹಾಡು ಸ್ಪೀಕರಿನಲ್ಲಿ ಬಂತೆಂದರೆ ಟಿಕೆಟ್ ಕೊಡುತ್ತಾರೆ ಎಂದು ಅರ್ಥ; ಅವ್ವ ಒಲೆಯ ಕೆಂಡಕ್ಕೆ ನೀರು ಹಾಕಿ ಎದ್ದುಬಿಡುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಮೂರನೇ ಕ್ಲಾಸು. ಮರಳ ಮೇಲೆ ಕೂತು, ಪರದೆಯ ಮೇಲೆ ಅಕ್ಷರ ಮೂಡಿದ್ದೇ ತಡ, “ಯಾರ್ಯಾರವ್ರೆ ಓದ್ಲಾ” ಅನ್ನುವಳು. ನಾನು ಕೂಗಿ ಓದುತ್ತಿದ್ದೆ. ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ, ಉದಯಕುಮಾರ್... ಅಕ್ಕಪಕ್ಕದವರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ‘ನರಸಿಂಹರಾಜು’ ಅಂದಾಗ ಮಾತ್ರ ಮುಂದಿನದು ಓದಲು ಆಗುತ್ತಿರಲಿಲ್ಲ. ಟೆಂಟೆಲ್ಲ ಸಿಳ್ಳೆ. ತಿಪಟೂರಿನ ರಾಜು ಅಲ್ಲವೇ!

1964ರ ಈ ಚಿತ್ರ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ತೆಗೆದವರು ಬಿ.ಎಸ್. ರಂಗಾ, ಮಾಗಡಿಯವರು. ಕ್ಯಾಮೆರಾ ಹಿಡಿದೇ ಮೇಲೆ ಬಂದವರು, ಮದ್ರಾಸಿನಲ್ಲಿ ವಿಕ್ರಂ ಸ್ಟುಡಿಯೊ ಕಟ್ಟಿದವರು. ಕಪ್ಪುಬಿಳುಪಿನ ಚಿತ್ರ ತೆಗೆಯುವುದಕ್ಕೇ ಸಾಲ ಮಾಡುತ್ತಿದ್ದ ಕಾಲದಲ್ಲಿ ಅವರು ಬಣ್ಣಕ್ಕೆ ಕೈಹಾಕಿದರು. ಜೊತೆಗೇ ತೆಲುಗಿನಲ್ಲೂ ತೆಗೆದರು. ಅಲ್ಲಿ ಜಕ್ಕನ್ನನಾದವರು ಅಕ್ಕಿನೇನಿ ನಾಗೇಶ್ವರರಾವ್, ಇಲ್ಲಿ ಕಲ್ಯಾಣ್ ಕುಮಾರ್. ಎರಡರಲ್ಲೂ ನಾಯಕಿ ಸರೋಜಾದೇವಿಯೇ. ಒಬ್ಬ ನಾಯಕನ ಮುಂದೆ ನಾಚಿ, ಮತ್ತೊಬ್ಬನ ಮುಂದೆ ಮತ್ತೊಂದು ಭಾಷೆಯಲ್ಲಿ ಅಷ್ಟೇ ಹೊಸದಾಗಿ ನಾಚಬೇಕು. 2025ರ ಜುಲೈನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಅವರ ಕಿತ್ತೂರು ಚೆನ್ನಮ್ಮನ ಪಾತ್ರವನ್ನು ನೆನೆದರು; ನಾನು ಈ ಚಿತ್ರದ ಮಂಜರಿಯನ್ನು ನೆನೆದೆ. ಸಂಗೀತ ಎಸ್. ರಾಜೇಶ್ವರರಾವ್ ಅವರದು. ಆ ಹಾಡುಗಳನ್ನು ನಮ್ಮ ಕಡೆ ಕೊಬ್ಬರಿ ಸುಲಿಯುವ ಆಳುಗಳು ಈಗಲೂ ಗುನುಗುತ್ತಾರೆ.

ಆಗಿನ ಬಣ್ಣದ ಫಿಲ್ಮು ಬೆಳಕಿಗೆ ಬಹಳ ಹಸಿದದ್ದು. ಸೆಟ್ಟಿನ ತುಂಬ ದೊಡ್ಡ ದೀಪಗಳು ಉರಿಯಬೇಕು. ಮೊದಲೇ ಮದ್ರಾಸಿನ ಸೆಕೆ, ಮೇಲೆ ಆ ದೀಪದ ಕಾವು, ಮೈಮೇಲೆ ಜರಿ, ಕಿರೀಟ, ಒಡವೆ. ಮುಖದ ಬಣ್ಣ ಇಳಿಯದ ಹಾಗೆ ಒತ್ತಿ ಒರೆಸುತ್ತ ನಿಂತವರು ಯಾರೋ ಇದ್ದರು. ದೀಪ ಎತ್ತಿ ಹಿಡಿದವರು, ಮರ, ಬಟ್ಟೆ, ಗಾರೆಯಿಂದ ಹೊಯ್ಸಳರ ಕಂಬ ನಿಲ್ಲಿಸಿದವರು ಇದ್ದರು. ಪ್ರಣಯದ ದೃಶ್ಯದಲ್ಲಿ ಚಂದ್ರನ ಬೆಳಕು ಎಂದು ನಾವು ಮೈಮರೆತು ನೋಡಿದ್ದು ಇವರ ಬೆವರನ್ನು. ಟೀವಿಯವರು ಕತ್ತರಿಸಿದ್ದು ಇವರನ್ನೇ.

ನರಸಿಂಹರಾಜು ವಿಚಾರಕ್ಕೆ ಬರುತ್ತೇನೆ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ಈ ಮನುಷ್ಯ ತೀರ ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದರು. ಊರೂರು ಅಲೆದು, ಹಲವು ಕಂಪನಿಗಳ ಅನ್ನ ಉಂಡು, ಗುಬ್ಬಿ ಕಂಪನಿಗೂ ಬಂದು, 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾ ಹೊಕ್ಕಾಗ ಮೂವತ್ತು ದಾಟಿತ್ತು. ರಾಜ್‌ಕುಮಾರ್ ಮೊದಲ ಬಾರಿ ನಾಯಕರಾಗಿ ಕಾಣಿಸಿಕೊಂಡದ್ದೂ ಅದೇ ಚಿತ್ರದಲ್ಲಿ. ರಾಜು ಅವರ ಈ ತಡ ನೆನೆದರೆ ನನಗೆ ನಮ್ಮ ಉಂಡೆ ಕೊಬ್ಬರಿ ನೆನಪಾಗುತ್ತದೆ. ಅದನ್ನು ಮಾಡುವ ಕ್ರಮ ಹೊರಗಿನವರಿಗೆ ಗೊತ್ತಿರಲಾರದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟದಿಂದ ತಾನಾಗಿ ಬಿಡಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನುವ ತನಕ ಕಾಯಬೇಕು. ನರಸಿಂಹರಾಜು ಅವರ ಹಾಸ್ಯ ಹಾಗೆ ಅಟ್ಟದ ಮೇಲೆ ಒಣಗಿದ್ದು. ಅವಸರಕ್ಕೆ ಒಡೆದದ್ದಲ್ಲ.

ಐತಿಹಾಸಿಕ ಚಿತ್ರಗಳಲ್ಲಿ ಅವರನ್ನು ಗಮನವಿಟ್ಟು ನೋಡಿ. ರಾಜ, ರಾಣಿ, ಮಂತ್ರಿ ಎಲ್ಲರೂ ಗ್ರಂಥದ ಮಾತು ಆಡುತ್ತಾರೆ. ಮಾತಿನ ತೂಕಕ್ಕೆ ಕತ್ತು ಬಿಗಿದಿರುತ್ತದೆ. ರಾಜು ಬಂದರೆಂದರೆ ಆ ಕತ್ತು ಸಡಿಲವಾಗುತ್ತದೆ. ಮಾತು ಶುರುವಾಗುವ ಮುಂಚೆ ಕಣ್ಣು ಒಮ್ಮೆ ಎಡಕ್ಕೆ ಹೋಗಿ ಬರುತ್ತದೆ, ಮುಂದಿನ ಹಲ್ಲು ತುಟಿಯ ಮೇಲೆ ಕೂರುತ್ತದೆ, ಅರೆಗಳಿಗೆ ತಡೆದು ಮಾತು ಬೀಳುತ್ತದೆ. ಆ ಅರೆಗಳಿಗೆ ಕಂಪನಿ ನಾಟಕದ್ದು. ಕೊನೆಯ ಬೆಂಚಿನವನಿಗೂ ಕೇಳಲಿ ಎಂದು ಕಾಯುವುದು. ನಾಯಕ ನಾಯಕಿಯ ಪ್ರೇಮ ಉತ್ಪ್ರೇಕ್ಷೆ ಅನ್ನಿಸದೆ ಇರಬೇಕಾದರೆ, ಪಕ್ಕದಲ್ಲಿ ನಮ್ಮಂಥವನೊಬ್ಬ ನಿಂತು ಅದನ್ನು ನಂಬಬೇಕು. ನಂಬಿಸುವ ಕೆಲಸ ಅವರದಾಗಿತ್ತು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ಅವರ ತೆನಾಲಿ ರಾಮಕೃಷ್ಣನನ್ನು ತೆಗೆದು ನೋಡಿ, ಅಷ್ಟು ದೊಡ್ಡ ಆಸ್ಥಾನ ಉಸಿರಾಡುವುದಿಲ್ಲ.

ಅವರು ಬರೀ ನಟರಾಗಿಯೂ ಉಳಿಯಲಿಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜೊತೆ ಸೇರಿ ಕಲಾವಿದರ ಸಂಘ ಕಟ್ಟಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದವರಲ್ಲಿ ಅವರೂ ಒಬ್ಬರು. ನಿರ್ದೇಶನ ಎನ್.ಸಿ. ರಾಜನ್, ಸಂಗೀತ ಜಿ.ಕೆ. ವೆಂಕಟೇಶ್. ಕೈಯಲ್ಲಿ ಕಾಸಿಲ್ಲದ ನಾಲ್ಕು ಜನ ನಟರು ಮೈಸೂರಿನ ಅರಸನ ಕಥೆಗೆ ಕೈಹಾಕಿದ್ದು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ನಮ್ಮ ತುಮಕೂರು ಜಿಲ್ಲೆಗೆ ನಾಟಕ, ಸಿನಿಮಾದ ಈ ಗೀಳು ಹಳೆಯದು. ಗುಬ್ಬಿ ವೀರಣ್ಣನವರದು ತಿಪಟೂರಿನ ಇದೇ ರೈಲು ಹಾದಿಯ ಊರು. 1934ರ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದವರು ಬೆಳ್ಳಾವೆಯ ನರಹರಿ ಶಾಸ್ತ್ರಿಗಳು.

ಜಕಣಾಚಾರಿಯೂ ನಮ್ಮ ಜಿಲ್ಲೆಯವನೇ ಅನ್ನುತ್ತದೆ ಕಥೆ. ತುಮಕೂರಿನ ಪಕ್ಕದ ಕ್ರೀಡಾಪುರದವನು. ಹೆಂಡತಿಯನ್ನು ಬಿಟ್ಟು ಕಲ್ಲಿನ ಹಿಂದೆ ಹೋದವನು. ಬೇಲೂರಿನಲ್ಲಿ ಗುರುತಿಲ್ಲದ ಹುಡುಗನೊಬ್ಬ ಅವನು ಕೆತ್ತಿದ ವಿಗ್ರಹದಲ್ಲಿ ದೋಷ ತೋರಿಸುತ್ತಾನೆ, ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ, ಉಳಿ ಇಟ್ಟರೆ ಕಪ್ಪೆ ಹೊರಗೆ ಬರುತ್ತದೆ. ಹುಡುಗ ಅವನ ಮಗ ಡಂಕಣ. ದೋಷವಿದ್ದರೆ ಕೈ ಕಡಿದುಕೊಳ್ಳುತ್ತೇನೆಂದು ಮಾತು ಕೊಟ್ಟಂತೆ ಜಕಣ ತನ್ನ ಕೈ ಕಡಿದುಕೊಳ್ಳುತ್ತಾನೆ. ಟೆಂಟಿನಿಂದ ಮನೆಗೆ ನಡೆಯುವಾಗ ನನ್ನದು ಒಂದೇ ಪ್ರಶ್ನೆ: “ಅವ್ವ, ಆ ಕೈ ಮತ್ತೆ ಬಂತಾ?”

“ಬಂತು ಕಣ್ಲಾ. ಅದ್ಕೇ ಅಲ್ವಾ ಅವ್ನ ಊರ್‍ಗೆ ಕೈದಾಳ ಅನ್ನೋದು.”

ದೊಡ್ಡವನಾದ ಮೇಲೆ ಕೈದಾಳಕ್ಕೆ ಹೋದೆ. ಗೂಳೂರಿನ ಹತ್ತಿರ, ಸಣ್ಣ ಊರು. ಅಲ್ಲಿನ ಚೆನ್ನಕೇಶವ ಗುಡಿಯನ್ನು 1150ರ ಸುಮಾರಿಗೆ ಕಟ್ಟಿಸಿದವನು ಗೂಳಿ ಬಾಚಿ ಎಂಬ ಸಾಮಂತ. ಜಕಣನ ಹೆಸರು ಹೊಯ್ಸಳರ ಶಾಸನಗಳಲ್ಲಿ ಸಿಕ್ಕಿಲ್ಲ. ‘ದಕ್ಷಿಣಾಚಾರ್ಯ’ ಎಂಬ ಮಾತೇ ಜನರ ಬಾಯಲ್ಲಿ ಜಕಣಾಚಾರಿ ಆಯಿತೆಂಬ ಊಹೆಯೂ ಇದೆ. ಆದರೆ ಬೇಲೂರಿನಲ್ಲಿ ನಿಜವಾಗಿ ಕೆತ್ತಿದವರು ತಮ್ಮ ಹೆಸರನ್ನು ಕಲ್ಲಿನ ಮೇಲೇ ಬರೆದಿಟ್ಟು ಹೋಗಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಇಬ್ಬರೂ ಅದೇ ಗುಡಿಯಲ್ಲಿ ಮದನಿಕೆಯರನ್ನು ಕಡೆದವರು! ಕಥೆ ಕಟ್ಟಿದ ಜನಕ್ಕೆ ಎಲ್ಲೋ ಒಂದು ಎಳೆ ಗೊತ್ತಿತ್ತು ಎಂದೇ ನಾನು ನಂಬುತ್ತೇನೆ.

ನಮ್ಮ ಸುತ್ತಿನ ಮೂರು ತಾಲ್ಲೂಕಿನಲ್ಲೂ ಹೊಯ್ಸಳರ ಕಲ್ಲು ತೆಂಗಿನ ನೆರಳಲ್ಲೇ ನಿಂತಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆ, ವಿಘ್ನಸಂತೆ. ತುರುವೇಕೆರೆಯ ಊರೊಳಗೇ ಎರಡು ಮೂರು ಗುಡಿ, ಆಚೆಗೆ ನಾಗಲಾಪುರ. ಚಿಕ್ಕನಾಯಕನಹಳ್ಳಿ ಕಡೆ ಶೆಟ್ಟಿಕೆರೆಯ ಯೋಗಮಾಧವ. ಅರಳಗುಪ್ಪೆಯ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿ ಹೊನ್ನೋಜನ ಹೆಸರಿದೆ. ನನಗೆ ಎಲ್ಲಕ್ಕಿಂತ ಹತ್ತಿರದ್ದು ತಿಪಟೂರಿನಿಂದ ಸ್ವಲ್ಪ ದೂರದ ನುಗ್ಗೇಹಳ್ಳಿ, 1246ರ ಗುಡಿ. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಒಂದೇ ಗುಡಿ, ಎರಡು ಕೈ. ಬೈಚೋಜನ ಒಡವೆಯ ಅಂಚು ಚೂಪು, ಮಲ್ಲಿತಮ್ಮನದು ಮೆತ್ತಗೆ.

ಅವ್ವನನ್ನು ಕೊನೆಗಾಲದಲ್ಲಿ ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಿಸಿಲು ಓರೆಯಾದಾಗ ಅಲ್ಲಿ ಅಕ್ಷರದ ಗೀರು ಚೆನ್ನಾಗಿ ಏಳುತ್ತದೆ. ಅವಳು ಕೋಲೂರಿ ನಿಂತು ವಿಗ್ರಹದ ಪಾದದ ಕೆಳಗೆ ಬೆರಳು ತೋರಿಸಿದಳು.

“ಏನ್ ಬರ್‍ದವ್ರೆ ಓದ್ಲಾ.”

“ಮಲ್ಲಿತಮ್ಮ.”

“ಯಾವೂರೋನಂತೆ?”

“ಆ ಕಡೆ ಗೋಡೆಯವನು ನಂದಿ ಊರಿನವನಂತೆ ಅವ್ವ. ಇವನದು ಹೆಸರಷ್ಟೇ ಅದೆ.”

ಅವಳು ಸುಮ್ಮನೆ ನಿಂತಳು. ಆಮೇಲೆ ಮುಂದಿನ ವಿಗ್ರಹದ ಹತ್ತಿರ ಹೋಗಿ, ಬಗ್ಗಲಾರದೆ ಬಗ್ಗಿ, “ಇದ್ರಲ್ಲಿ?” ಎಂದಳು.